ನಲವತ್ತೊಂದನೇ ಗಿಳಿ

ಆಳಂದದಾಗ ತಸ್ಲೀಮನ ಅಂಗಡಿಗೇ ಯಾಕ ಬ್ಲೌಸ್ ಹೊಲಸಾಕ ಹೋಗ್ತೀರಿ ಅಂತ ಯಾವ ಹೆಣ್ಣುಮಗಳಿಗಾದರೂ ಕೇಳಿ ನೋಡ್ರಿ. ಹೊಲಿಗಿ ಚಂದ ಅಂತ ಹೇಳಂಗಿಲ್ಲ. ಹೇಳಿದ ದಿನಕ್ಕ ಕೊಡ್ತಾಳಂತನೂ ಹೇಳಂಗಿಲ್ಲ, ಯಾಕಂದ್ರ ಕೊಡಂಗಿಲ್ಲ. "ಆಕಿ ಒಳಗ ಬಟ್ಟಿ ಬಿಡ್ತಾಳ್ರಿ" ಅಂತಾರ. ಅಂದ್ರ ಹೊಲಿಗಿ ಒಳಗ ಎರಡು ಬೆರಳು ಬಟ್ಟಿ ಮಡಚಿ ಇಟ್ಟಿರ್ತಾಳ. ಲಗ್ನಾಗಿ ವರ್ಷಕ್ಕ ಮೈ ತುಂಬಲಿ, ಕೂಸು ಹುಟ್ಟಲಿ, ಬಂದು ಬಿಚ್ಚಿಸ್ಕೊಂಡು ಅದ ಬ್ಲೌಸ್ ಹಾಕ್ಕೊಂಡು ಹೋಗಬಹುದು. "ಮಾರ್ಜಿನ್ ಇರಬೇಕವ್ವಾ. ಮನುಷ್ಯಾರ ಮೈ ಇವತ್ತಿದ್ದಂಗ ನಾಳಿ ಇರತದೇನು?" ಅಂತಿದ್ದಳು ತಸ್ಲೀಮ. ಇಪ್ಪತ್ತಾರು ವರ್ಷದ ಕಸುಬಿನಾಗ ಆಕಿ ಕಲಿತದ್ದು ಅದೊಂದ. ಇನ್ನೊಂದು ಗುಣಾ ಏನಂದ್ರ, ಕತ್ತರಿಸಿ ಉಳಿದ ಒಂದು ಚಿಂದಿನೂ ಆಕಿ ಒಗೀತಿದ್ದಿಲ್ಲ. ಮಶೀನಿನ ಬಾಜೂಕ ಒಂದು ಗೋಣಿಚೀಲ, ಅದರಾಗ ಎಲ್ಲಾ ತುರುಕಿ ಇಡೋದು. ಗಂಡ ಮುಜೀಬ ಆ ಚೀಲಕ್ಕ "ನಮ್ಮ ಎರಡನೇ ಕೂಸು" ಅಂತ ಹೆಸರಿಟ್ಟಿದ್ದ.

ಇಂಥಾಕಿ ಹೋಗಿ ಹೋಗಿ ಮಾರ್ಜಿನ್ ಅನ್ನೂದ ಇಲ್ಲದ ವಿದ್ಯಾಕ್ಕ ಯಾಕ ಕೈ ಹಾಕಿದಳೋ, ಆ ಅಲ್ಲಾಗ ಗೊತ್ತು.

ಮಹಾನಂದಾ ಅಂತ ಒಬ್ಬಾಕಿ ಚಿತ್ರಕಲಾ ಟೀಚರ್ ಇದ್ದಳು. ಐತವಾರಕ್ಕೊಮ್ಮೆ ತನ್ನ ಮನಿ ಪಡಸಾಲಿಯೊಳಗ ನಾಕು ಹೆಣ್ಣುಮಕ್ಕಳನ್ನ ಕೂಡಿಸ್ಕೊಂಡು ಹಲಗಿ ಕೆತ್ತಿ ಬಣ್ಣದ ಚಿತ್ರ ಒತ್ತೂದು ಕಲಸ್ತಿದ್ದಳು. ತಸ್ಲೀಮ ಆಕಿ ಬ್ಲೌಸ್ ಕೊಡಾಕ ಹೋದಾಕಿ ಐದು ನಿಮಿಷ ನಿಂತಳು, ಆಮ್ಯಾಲ ಕುಂತಳು, ಆಮ್ಯಾಲ ಉಳಿ ಕೈಯಾಗ ಹಿಡದಳು.

"ನೋಡ್ರಿ ತಸ್ಲೀಮಕ್ಕ," ಅಂದಳು ಮಹಾನಂದಾ, "ಬಣ್ಣಕ್ಕೊಂದು ಹಲಗಿ ಇಲ್ಲ ಇದರಾಗ. ಎಲ್ಲಾ ಬಣ್ಣಕ್ಕೂ ಇದೊಂದ. ಬಿಳಿ ಉಳೀಬೇಕಾದ ಜಾಗಾ ಮೊದಲು ಕೆತ್ತಿ ತಗೀರಿ. ಉಳಿದ ಹಲಗಿಗಿ ಹಳದಿ ಹಚ್ಚಿ ಎಲ್ಲಾ ಹಾಳಿ ಮ್ಯಾಲ ಒತ್ರಿ. ಅದು ಒಣಗಿದ ಮ್ಯಾಲ ಹಳದಿ ಉಳೀಬೇಕಾದ ಜಾಗಾ ಕೆತ್ರಿ, ಹಸರು ಹಚ್ಚಿ ಅದ ಹಾಳಿಗಳ ಮ್ಯಾಲ ಮತ್ತ ಒತ್ರಿ. ಹಿಂಗ ಕೆತ್ತಕೋತ ಒತ್ತಕೋತ ಹೋದಂಗ ಹಾಳಿ ಮ್ಯಾಲ ಚಿತ್ರ ತುಂಬತದ, ಹಲಗಿ ಖಾಲಿ ಆಗತದ."

"ಮತ್ತ ನಾಳಿ ಇನ್ನೊಂದು ಬೇಕಂದ್ರ?"

"ಬರಂಗಿಲ್ರಿ. ಎಷ್ಟು ಹಾಳಿ ಅಂತ ಮೊದಲನೇ ದಿನಾನ ಎಣಿಸಿ ಇಟ್ಕೋಬೇಕು. ಹಳದಿ ಒತ್ತಿದ ಹಲಗಿ ಕೆತ್ತಿದ ಮ್ಯಾಲ ಮುಗೀತು, ಹಿಂದ ಹೋಗೋದಿಲ್ಲ."

"ಇದೇನು ವಿದ್ಯೆ ಟೀಚರ್! ದಾರಿ ನಡಕೋತ ನಡಕೋತ ಹಿಂದಿನ ದಾರಿ ಅಗದು ಹಾಕಿದಂಗಾತು!" ಅಂದಳು ತಸ್ಲೀಮ. ಅಂದು ಸುಮ್ಮನ ಎದ್ದು ಬಂದಿದ್ದರ ಈ ಕಥೀನ ಇರ್ತಿದ್ದಿಲ್ಲ. ಆದರ ಆಕಿಗಿ ಆ ಉಳಿಯ ರುಚಿ ಹತ್ತಿಬಿಟ್ಟಿತ್ತು.

ಮೊದಲು ಕೆತ್ತಿದ್ದು ಒಂದು ಬದನಿಕಾಯಿ. ಟೀಚರ್ ಗೆರಿ ಹಾಕಿಕೊಟ್ಟಿದ್ದಳು, ಗೆರಿ ಹಿಡದು ಕೆತ್ತು ಅಂತ. ತಸ್ಲೀಮ ಗೆರಿ ಹೊರಗ ಎರಡು ಬೆರಳು ಬಿಟ್ಟು ಕೆತ್ತಿದಳು. ಒತ್ತಿ ನೋಡಿದರ ಕುಂಬಳಕಾಯಿ. "ಯಾಕ್ರಿ ಅಕ್ಕ ಇಷ್ಟು ದಪ್ಪ?" ಅಂತ ಟೀಚರ್ ಕೇಳಿದರ, "ಮುಂದ ಬೇಕಾಗತದಂತ ಬಿಟ್ಟೇನ್ರಿ" ಅಂತ ಗಂಭೀರಾಗಿ ಹೇಳಿದಳು. ಉಳಿದ ಹೆಣ್ಣುಮಕ್ಕಳು ಹೊಟ್ಟಿ ಹಿಡ್ಕೊಂಡು ನಕ್ಕರು. ಬದನಿಕಾಯಿ ಬದನಿಕಾಯಿ ಆಗಾಕ ಮೂರು ಐತವಾರ ಹಿಡೀತು.

ನಾಕನೇ ಐತವಾರ ತಸ್ಲೀಮ ಮನಿಗಿ ಬಂದು ಸಾರಿಬಿಟ್ಟಳು, "ಯಾಸ್ಮೀನನ ಲಗ್ನದ ಕಾರ್ಡು ನಾನ ಒತ್ತತೇನಿ."

ಮಗಳು ಯಾಸ್ಮೀನ ಲ್ಯಾಬಿನೊಳಗ ಕೆಲಸ ಮಾಡಾಕಿ, ಮಂದಿ ರಕ್ತ ತಗದು ಪರೀಕ್ಷಾ ಮಾಡಾಕಿ. ಇದನ್ನ ಕೇಳಿದ ಕೂಡಲೇ ಆಕಿ ಮಾರಿ ರಕ್ತಾನ ಇಳದು ಹೋತು. "ಅಮ್ಮೀ, ಮೊಬೈಲಿನ್ಯಾಗ ಕಾರ್ಡು ಮಾಡೇನಲ್ಲ. ಹಾಡು ಬರತದ, ಹೂವು ಉದರತಾವ. ಮತ್ತ ನಿನ್ನ ಕುಂಬಳಕಾಯಿ ಯಾಕ?"

"ಅದು ಬದನಿಕಾಯಿ," ಅಂದಳು ತಸ್ಲೀಮ. "ಮೊಬೈಲಿಂದು ಊರ ಮಂದಿಗಿ ಕಳಸು. ಕರುಳಿನ ಮಂದಿಗಿ ನಾ ಕೈಲೇ ಒತ್ತಿದ್ದು."

ಚಿತ್ರ ಯಾವುದು ಅನ್ನೂದು ಆಕಿಗಿ ಒಂದು ಗಳಗಿನೂ ವಿಚಾರ ಮಾಡಬೇಕಾಗಲಿಲ್ಲ. ಖಾಸೀಂಬಿ ಫುಪ್ಪುನ ಗಿಳಿ.

ಈ ಖಾಸೀಂಬಿ ಅಂದ್ರ ತಸ್ಲೀಮನ ಅಪ್ಪನ ಅಕ್ಕ, ಭೀಮಾ ದಂಡಿ ಮಣ್ಣೂರಾಗ ಇರ್ತಾಳ. ತಸ್ಲೀಮ ಆರು ವರ್ಷದಾಕಿ ಇದ್ದಾಗ ತಾಯಿ ಸತ್ತಳು. ಫುಪ್ಪು ಬಂದು ಹುಡುಗಿ ಕೈ ಹಿಡ್ಕೊಂಡು ಮಣ್ಣೂರಿಗಿ ಕರಕೊಂಡು ಹೋದಳು, ಉಣ್ಣಿಸಿ ಬೆಳಸಿದಳು, ಕೈಯಾಗ ಸೂಜಿ ಕೊಟ್ಟಳು. ತಸ್ಲೀಮ ಮೊದಲು ಹಾಕಿದ ಕಸೂತಿ ಫುಪ್ಪುನ ದಿಂಬಿನ ಗಿಳಿ ನೋಡಿ ಹಾಕಿದ್ದು. ಹಸರು ಮೈ, ಹಳದಿ ಕೊರಳಪಟ್ಟಿ, ಕೆಂಪು ಕೊಕ್ಕು. ತಸ್ಲೀಮನ ಲಗ್ನದಾಗ ಮೊದಲ ಹಳದಿ ಹಚ್ಚಿದಾಕಿ ಫುಪ್ಪು. ಯಾಸ್ಮೀನಗೂ ಆಕೀನ ಹಚ್ಚಬೇಕು. ಆಕಿ ಕೈ ಹತ್ತದ ಹಳದಿ ತಸ್ಲೀಮನ ಲೆಕ್ಕದಾಗ ಹಳದೀನ ಅಲ್ಲ.

ಆದರ ಫುಪ್ಪುನ ಸಿಟ್ಟು? ಅಯ್ಯೋ, ಅದನ್ನ ಕೇಳಬ್ಯಾಡ್ರಿ. ನರೋಣಾದಾಗ ಸಂಬಂಧಿಕರವನೊಬ್ಬ ತನ್ನ ಲಗ್ನಕ್ಕ ಆಕೀನ ಫೋನಿನ್ಯಾಗ ಕರದಿದ್ದ. ಬಾಗಿಲಿಗಿ ಬಂದು ಕರೀಲಿಲ್ಲ. ಫುಪ್ಪು ಹನ್ನೊಂದು ವರ್ಷ ಆ ಮನಿ ಹೊಸ್ತಿಲ ತುಳೀಲಿಲ್ಲ. ಹನ್ನೆರಡನೇ ವರ್ಷ ಅವನ ಮಗ ಸ್ವತಃ ಸಾಲಿ ಚೀಲ ಹಾಕ್ಕೊಂಡು ಬಂದು "ಅಜ್ಜೀ, ನಮ್ಮಪ್ಪಂದು ತಪ್ಪಾಗ್ಯದ" ಅಂದ ಮ್ಯಾಲ ಹೋದಳು. ಅದೂ ಚಹಾ ಕುಡೀಲಿಲ್ಲ.

ಹಂಗಾಗಿ ಪಟ್ಟಿ ಬಾಳ ಜೋಪಾನದಿಂದ ಆಗಬೇಕಿತ್ತು. ಪಟ್ಟಿ ಮಾಡೋ ಕೆಲಸ ಮುಜೀಬ ತಗೊಂಡ. ಮುಜೀಬ ನೀರಿನ ಪಂಪು ರಿಪೇರಿ ಮಾಡಾಂವ, ಪಟ್ಟಿ ಮಾಡೂದು ಅಂದ್ರ ಜೀವ. ಕಿವಿ ಮ್ಯಾಲ ಪೆನ್ನು ಇಟ್ಕೊಂಡು ಎರಡು ದಿನ ತಿರುಗಿದ. ಬೀಗರ ಊರು ಜೇವರ್ಗಿಯಾಗ ಎಂಟು ಮನಿ, ಅಫಜಲಪುರದಾಗ ಒಂಬತ್ತು, ನರೋಣಾದಾಗ ಆರು, ಗಾಣಗಾಪುರದಾಗ ನಾಕು, ಉಳಿದದ್ದು ಆಳಂದ. ಕೂಡಿಸಿದರ ನಲವತ್ತು.

"ಪೂರಾ ಆತಾ? ಇನ್ನೊಮ್ಮೆ ನೋಡ್ರಿ. ಆಮ್ಯಾಲ ಒಂದೂ ಹೆಚ್ಚಾಗಂಗಿಲ್ಲ," ಅಂದಳು ತಸ್ಲೀಮ.

"ಅಲ್ಲ ಬೇ, ನನ್ನ ಪಟ್ಟಿಯಾಗ ಯಾವತ್ತರ ತಪ್ಪು ಬಂದದೇನು?" ಅಂದ ಮುಜೀಬ.

ಪಟ್ಟಿ ಮ್ಯಾಲ ಒಮ್ಮೆ ಕಣ್ಣಾಡಿಸಿ ಗಂಡನ ಮಾತು ನಂಬಿದಳು. ಬುದ್ಧಿ ನೋಡ್ರಿ. ಕೆಡತಾವಂತ ಐದು ಹೆಚ್ಚಿಗಿ ಸೇರಿಸಿ ನಲವತ್ತೈದು ಹಾಳಿ ಕತ್ತರಿಸಿ ಇಟ್ಟಳು.

ಅಂಗಡಿನ ಛಾಪಖಾನಿ ಆತು. ಹಲಗಿ ಜಾರದಂಗ ಮೂಲಿಗಿ ರಟ್ಟು ಬಡದಳು, ಹಾಳಿ ಅದ ಜಾಗಾಕ್ಕ ಕೂಡಲಿ ಅಂತ ಎರಡು ಗುಂಡುಪಿನ್ನು ನಿಲ್ಲಿಸಿದಳು. ಒತ್ತಾಕ ಮಶೀನು ಇಲ್ಲ. ಕೆಂಡ ಹಾಕದ ಹಳೇ ಇಸ್ತ್ರಿ ಪೆಟ್ಟಿಗಿ ತಣ್ಣಗಿಂದ ಹಾಳಿ ಬೆನ್ನ ಮ್ಯಾಲ ತಿಕ್ಕಿದಳು. ಒತ್ತಿದ ಹಾಳಿಗಳನ್ನ ಬ್ಲೌಸ್ ತೂಗಹಾಕೋ ಹಗ್ಗಕ್ಕ ಚಿಮಟಾ ಹಚ್ಚಿ ಒಣ ಹಾಕಿದಳು. ಒಂದೊಂದು ಬಣ್ಣ ಒಣಗಾಕ ಮೂರು ದಿನ. ಗಿರಾಕಿ ಬಂದು "ನನ್ನ ಬ್ಲೌಸ್ ಎಲ್ಲದ?" ಅಂದರ "ಗಿಳಿ ಹಿಂದದ ನೋಡ್ರಿ" ಅಂತಿದ್ದಳು.

ಹಳದಿ ಸುಸೂತ್ರ ಆತು. ನಲವತ್ತೈದರಾಗ ಒಂದ ಕೆಟ್ಟಿತು. ಅದನ್ನ ಚಿಂದಿ ಚೀಲಕ್ಕ ಹಾಕಿದಳು.

ಹಸರಿನ ದಿನ ಟೀಚರ್ ತಾನ ಬಂದು ಹತ್ತು ಸರ್ತಿ ಹೇಳಿ ಹೋಗಿದ್ದಳು, "ಅಕ್ಕ, ಕೊಕ್ಕು ಕೆಂಪು ಬರಬೇಕಂದ್ರ ಪ್ರತಿ ಸಲ ಹಸರು ಹಚ್ಚಿದ ಕೂಡಲೇ ಹಲಗಿ ಮ್ಯಾಲಿನ ಕೊಕ್ಕಿನ ಜಾಗಾ ಅರಿವೀಲಿ ಒರಸ್ರಿ. ಹಸರಿನ ಮ್ಯಾಲ ಕೆಂಪು ಬಿತ್ತಂದ್ರ ಕೆಂಪು ಉಳಿಯಂಗಿಲ್ಲ." ತಸ್ಲೀಮ ಅರಿವಿ ಕೈಯಾಗ ಹಿಡಕೊಂಡ ಕುಂತಿದ್ದಳು. ಮೊದಲ ಹಾಳಿಗಿ ಒರಸಬೇಕು ಅನ್ನೂದ್ರಾಗ ಮುಜೀಬ ಬಾಗಿಲಾಗ ನಿಂತ.

"ತಸ್ಲೀಮ, ಪಟ್ಟಿಗಿ ಇನ್ನೆರಡು ಸೇರಸ್ತೀಯೇನು? ಪಂಪಿನ ಏಜೆಂಟಂದು ಒಂದು, ಅವನ ಭಾವಂದು ಒಂದು."

ತಸ್ಲೀಮನ ತಲಿ ಸಿಡೀತು. ಹಳದಿ ಹಲಗಿ ಆಗಲೇ ಕೆತ್ತಿ ಮುಗದದ, ಹಳದಿ ಇಲ್ಲದ ಗಿಳಿ ಎಲ್ಲಿಂದ ತರಲಿ, ಮೊದಲ ದಿನ ಏನು ಹೇಳಿದ್ದೆ, ಪಂಪಿನ ಏಜೆಂಟನ ಭಾವ ನಿನಗ ಯಾವಾಗ ಕರುಳಾದ, ಅಂತ ಬೈಕೋತ ಬೈಕೋತ ಇಸ್ತ್ರಿ ಪೆಟ್ಟಿಗಿ ತಿಕ್ಕೇ ತಿಕ್ಕಿದಳು. ಸಿಟ್ಟಿಳಿದು ನೋಡತಾಳ, ನಲವತ್ಮೂರು ಗಿಳಿ ಹಗ್ಗದ ಮ್ಯಾಲ ಜೋತಾಡ್ತಾವ, ಒಂದು ಸೊಟ್ಟಾಗಿ ಚೀಲ ಸೇರ್ಯದ, ಅರಿವಿ ಇನ್ನೂ ಕೈಯಾಗ ಸ್ವಚ್ಛ ಅದ. ಎಲ್ಲಾ ಕೊಕ್ಕೂ ಹಸರು.

ಆಮ್ಯಾಲ ಕೆಂಪು ಹಚ್ಚಿದರ ಏನಾಗತದ? ಟೀಚರ್ ಹೇಳಿದ್ದ ಆತು. ಕೊಕ್ಕು ಕೆಂಪಾಗಲಿಲ್ಲ, ಕಾಚಿನ ಬಣ್ಣಕ್ಕ ತಿರುಗಿತು. ಸಾಲಾಗಿ ಗಿಳಿಗಳು ಎಲಿ ಅಡಿಕಿ ತಂಬಾಕ ಜಗದು ಈಗ ಉಗಳಬೇಕು ಅನ್ನೂವಂಗ ಕುಂತಾವ. ಯಾಸ್ಮೀನ ನೋಡಿ ದುಪಟ್ಟಾ ಬಾಯಾಗ ತುರುಕ್ಕೊಂಡು ನಕ್ಕಳು. "ಅಮ್ಮೀ, ಫರ್ದೀನಗ ಫೋಟೋ ಕಳಸ್ಲೇನು?" ಫರ್ದೀನ ಅಂದ್ರ ವರ. "ಲಗ್ನದ ಗಿಳಿ, ಪಾನ್ ತಿನ್ನಲಿ ಬಿಡು," ಅಂದಳು ತಸ್ಲೀಮ, ಆದರ ಒಳಗ ಬಾಳ ಕೆಟ್ಟನಿಸಿತು.

ಕೊನೀಗಿ ಕಪ್ಪು. ಕಣ್ಣು, ರೆಕ್ಕಿ ಗೆರಿ, ಉಗುರು, ಕುಂತ ಟೊಂಗಿ, ಸುತ್ತ ಅಂಚು, ಇಷ್ಟ ಹಲಗಿ ಮ್ಯಾಲ ಉಳಿದಿತ್ತು. ಕೆಂಪಿನಾಗ ಒಂದು, ಕಪ್ಪಿನಾಗ ಎರಡು ಕೆಟ್ಟವು. ಒಂದರಾಗ ಹಾಳಿ ಜಾರಿ ಗಿಳಿಗಿ ಒಂದ ಬಾಜೂಕ ಎರಡು ಕಣ್ಣು ಬಂದಿದ್ದವು. ಉಳಿದದ್ದು ಸರಿಯಾಗಿ ನಲವತ್ತು.

ಮತ್ತ ಏನು ಹೇಳ್ಲಿ ನಿಮಗ, ಕೊಕ್ಕೊಂದು ಬಿಟ್ಟರ ಗಿಳಿ ಚಂದಾನ ಬಂದಿತ್ತು. ಟೀಚರ್ ಹಾಳಿ ಬೆಳಕಿಗಿ ಹಿಡದು ಹೊರಳಿಸಿ ಹೊರಳಿಸಿ ನೋಡಿದಳು. ತಸ್ಲೀಮ ಆಕಿ ಮಾರಿ ನೋಡಿ ಕಣ್ಣೀರು ಒರಸ್ಕೊಂಡಳು. ನಲವತ್ತಾರು ವರ್ಷದ ಜೀವಕ್ಕ ಹೊಸಾದೊಂದು ಬಂತಲ್ಲ ಅಂತ ಸಂತೋಷ. ಹಾಳಿ ಮಡಚಿ, ಊರ ಛಾಪಖಾನಿಯಾಗ ಮಾಡಿಸಿದ ಲಗ್ನದ ಚೀಟಿ ಒಳಗ ಅಂಟಿಸಿ, ನಲವತ್ತೂ ಗಂಡನ ಕೈಯಾಗ ಕೊಟ್ಟಳು. ಮುಜೀಬ ಬೈಕ್ ಹತ್ತಿ ನಾಕು ದಿನದಾಗ ಎಲ್ಲಾ ಮನಿ ಬಾಗಿಲಿಗಿ ಹೋಗಿ ಕರದು ಬಂದ. ಹೋದಲ್ಲೆಲ್ಲ ಹೊಗಳಿಕಿ. ಪಟ್ಟಿ ಮ್ಯಾಲ ನಲವತ್ತು ಟಿಕ್ಕು.

ಲಗ್ನ ಐತವಾರ, ಹಳದಿ ಶುಕ್ರವಾರ. ಸೋಮವಾರ ಮುಂಜಾನೆ ಮಣ್ಣೂರಿಂದ ಫೋನ್ ಬಂತು. ಫುಪ್ಪುನ ಮಗ ಖಮರ.

"ಅಕ್ಕ, ಅಮ್ಮಿ ಲಗ್ನಕ್ಕ ಬರಂಗಿಲ್ಲಂತಾಳ."

"ಯಾಕೋ? ಮೈಯಾಗ ಆರಾಮಿಲ್ಲೇನು?"

"ಆರಾಮ ಅದಾಳ. ಭಾಳ ಆರಾಮ ಅದಾಳ. ಅಫಜಲಪುರದಿಂದ ಯಾರೋ ಬಂದು ಕಾರ್ಡು ತೋರಿಸಿ ಹೋದರು. ಆವಾಗಿಂದ ಒಂದ ಮಾತು ಹೇಳಾಕತ್ಯಾಳ. 'ನನ್ನ ಗಿಳಿ ಊರೆಲ್ಲ ಹಾರ್ಯಾಡಿ ಬಂತು, ನನ್ನ ಮನಿಗಷ್ಟ ಬರಲಿಲ್ಲ.' ಹಳದಿ ಕುಟ್ಟಿ ಇಟ್ಟಿದ್ದಳು, ಅದನ್ನೂ ಆಜೂಬಾಜೂದವರಿಗಿ ಹಂಚಿಬಿಟ್ಟಾಳ."

ತಸ್ಲೀಮ ತಲಿ ಮ್ಯಾಲ ಕೈ ಹೊತ್ತು ಕುಂತಳು. ಗಂಡನ್ನ ಕರದು ಪಟ್ಟಿ ತರಿಸಿದಳು. ಬಟ್ಟು ಇಟ್ಟು ಇಟ್ಟು ಓದಿದಳು. ಮಣ್ಣೂರ ಅನ್ನೋ ಊರ ಪಟ್ಟಿಯಾಗ ಇಲ್ಲ.

"ಫುಪ್ಪುನ ಹೆಸರ್ಯಾಕ ಹಾಕಲಿಲ್ರಿ?"

ಮುಜೀಬ ಕಣ್ಣು ಪಿಳಿಪಿಳಿ ಬಿಟ್ಟ. "ಫುಪ್ಪುಗ ಕಾರ್ಡು ಯಾಕ ಬೇ? ಆಕಿ ಮನಿಯಾಕಿ. ಮನಿಯವರಿಗಿ ಯಾರರ ಕಾರ್ಡು ಕೊಡ್ತಾರೇನು? ಆಕಿ ನಮ್ಮ ಜೋಡಿ ನಿಂತು ಮಂದೀನ ಕರಿಯಾಕಿ."

ಅವನಿಗಿ ಬೈಯಬೇಕಂತ ತಸ್ಲೀಮ ಬಾಯಿ ತಗದಳು. ಆದರ ಯಾವ ಬಾಯಿಲೇ ಬೈಯೋದು? ತಾನೂ ಪಟ್ಟಿ ಓದಿದ್ದಳು, ತನಗೂ ಏನೂ ಕಡಿಮಿ ಅನಿಸಿದ್ದಿಲ್ಲ. ತನ್ನ ಕೈ ತನಗ ಕಾಣದಂಗ ಫುಪ್ಪು ಕಾಣದ ಹೋಗಿದ್ದಳು.

ಹಲಗಿ ಎತ್ತಿಕೊಂಡು ಟೀಚರ್ ಮನಿಗಿ ಓಡಿದಳು. "ಒಂದ ಒಂದು ಗಿಳಿ ಟೀಚರ್, ಹೆಂಗರ ಮಾಡಿ." ಮಹಾನಂದಾ ಹಲಗಿ ಮ್ಯಾಲ ಬಟ್ಟು ಆಡಿಸಿದಳು. ಹೊಟ್ಟಿ ಇಲ್ಲ, ಬೆನ್ನು ಇಲ್ಲ, ಕೊರಳಪಟ್ಟಿ ಇಲ್ಲ. ಗೆರಿ ಅಷ್ಟ. "ಹೊಸಾ ಹಲಗಿ ಕೆತ್ತಿದರ ನಾಕು ಬಣ್ಣ ಒಣಗಾಕ ಹನ್ನೆರಡು ದಿನ ಬೇಕ್ರಿ ಅಕ್ಕ. ಹಳದಿಗಿ ನಾಕ ದಿನ ಉಳದದ," ಅಂದಳು ಪಾಪ, ಆಕಿಗೂ ಸಂಕಟ.

ಕೊಟ್ಟದ್ದರಾಗ ಒಂದನ್ನ ಹಿಂದಕ್ಕ ಇಸಗೊಂಡು ಬರ್ತೇನಿ ಅಂತ ಮುಜೀಬ ಹೋದ. ಬಾಜೂ ಮನಿ ಮಲ್ಕಮ್ಮ ಗಿಳೀನ ದೇವರ ಜಗಲಿ ಮ್ಯಾಲ ಇಟ್ಟು ಕುಂಕುಮ ಹಚ್ಚಿಬಿಟ್ಟಿದ್ದಳು. "ಕೊಟ್ಟ ಕಾರ್ಡು ಕೇಳ್ತೀರಲ್ರಿ ಮುಜೀಬಣ್ಣ, ನಾವು ಲಗ್ನಕ್ಕ ಬರೂದು ಬ್ಯಾಡೇನು?" ಅಂತ ಆಕಿ ಮಾರಿ ಉಬ್ಬಿಸಿದಳು. ಕಿರಾಣಿ ಅಂಗಡಿ ದೇವೀಂದ್ರಪ್ಪ ಅಂಟು ಹಚ್ಚಿ ಗ್ವಾಡಿಗಿ ಬಡದಿದ್ದ, ಕೀಳಾಕ ಹೋದರ ಗಿಳಿ ಜೋಡಿ ಸುಣ್ಣಾನೂ ಬರೂದಿತ್ತು. ಒಂದು ಸಿಟ್ಟು ತಣಸಾಕ ಹೋಗಿ ಎರಡು ಹೊಸಾ ಸಿಟ್ಟು ಎಬ್ಬಿಸಿ ಮುಜೀಬ ಖಾಲಿ ಕೈಲೇ ಬಂದ.

ಮಂಗಳವಾರ ಮುಂಜಾನೆ ತಸ್ಲೀಮ ಒಬ್ಬಾಕೀನ ಬಸ್ ಹತ್ತಿದಳು. ಬಗಲಾಗ ಹಲಗಿ, ಕೈಯಾಗ ಒಂದು ಲಗ್ನದ ಚೀಟಿ, ಮತ್ತ ಚಿಂದಿ ಚೀಲದಾಗಿಂದ ತಗದ ಐದು ಕೆಟ್ಟ ಹಾಳಿ. ಅವನ್ನ ಯಾಕ ತಗೊಂಡಳೋ ಆಕಿಗೂ ಗೊತ್ತಿಲ್ಲ. ಬರೀ ಕೈಲೇ ಹೋಗಾಕ ಧೈರ್ಯ ಬರಲಿಲ್ಲ ಅಷ್ಟ. ಅಫಜಲಪುರದಾಗ ಬಸ್ ಬದಲಿಸಿ ಮಣ್ಣೂರಿಗಿ ಮುಟ್ಟೂದ್ರಾಗ ಬಿಸಲು ನೆತ್ತಿ ಮ್ಯಾಲ.

ಫುಪ್ಪು ಕಟ್ಟಿ ಮ್ಯಾಲ ಕುಂತು ಜೋಳ ಹಸನ ಮಾಡಾಕತ್ತಿದ್ದಳು. ತಸ್ಲೀಮನ ಸಲಾಂ ಆಕಿ ಕಿವಿಗಿ ಬೀಳಲಿಲ್ಲ. ಗೂಟಕ್ಕ ಕಟ್ಟಿದ ಆಡಿನ ಕಡಿ ತಿರುಗಿ ಅಂದಳು, "ಏ ಆಡೇ, ಆಳಂದದ ದೊಡ್ಡ ಮಂದಿ ಬಂದಾರ ನೋಡು. ನೀರು ಬೇಕೇನಂತ ಕೇಳು. ದಾರಿ ತಪ್ಪಿ ಬಂದಿರಬೇಕು, ಅವರ ಪಟ್ಟಿಯಾಗ ಈ ಊರಿಲ್ಲ."

ತಸ್ಲೀಮ ನೆಲದ ಮ್ಯಾಲ ಕುಂತಳು. "ಫುಪ್ಪು, ತಪ್ಪಾತ್ರಿ."

"ಏ ಆಡೇ, ತಪ್ಪಾತಂತ."

"ಹಲಗಿ ಮುಗದದ್ರಿ. ಹೊಸಾದು ಒತ್ತಾಕ ಬರಂಗಿಲ್ಲ. ಇದ ಉಳದದ ನನ್ನ ಕಡಿ." ಐದೂ ಹಾಳಿ ಜೋಳದ ಮೊರದ ಮುಂದ ಸಾಲಾಗಿ ಹಾಸಿದಳು.

ಎಷ್ಟ ಸಿಟ್ಟಿರಲಿ, ಕೈಗೆಲಸದಾಕಿ ಕಣ್ಣು ಸುಮ್ಮನ ಇರತದೇನು? ಫುಪ್ಪು ಒಂದು ಕಣ್ಣಿಲೇ ನೋಡಿದಳು. ಆಮ್ಯಾಲ ಎರಡೂ ಕಣ್ಣಿಲೇ. ಮೊದಲನೇ ಹಾಳಿಯಾಗ ಬರೀ ಹಳದಿ, ಗಿಳಿ ಅದ ಅಂದ್ರ ಅದ, ಇಲ್ಲಂದ್ರ ಇಲ್ಲ. ಎರಡನೇದ್ರಾಗ ಹಸರು ಬಂದು ಮೈ ತುಂಬಿತ್ತು. ಮೂರನೇದ್ರಾಗ ಕೊಕ್ಕು. ನಾಕು, ಐದರಾಗ ಕಣ್ಣು, ರೆಕ್ಕಿ, ಉಗುರು.

"ಇದರಾಗ ಬಣ್ಣ ಹಿಂಗ ಒಂದೊಂದ ಕೂತಾವೇನು?" ಅಂತ ಕೇಳಿದಳು, ಆಡಿಗಿ ಅಲ್ಲ, ತಸ್ಲೀಮಗ. "ಮೊದಲ ತಿಳಿ ದಾರ, ಆಮ್ಯಾಲ ಗಟ್ಟಿ ದಾರ. ನಾ ನಿನಗ ಕಲಿಸಿದ್ದು ಹಂಗ ಅಲ್ಲೇನು?"

"ಹೌದ್ರಿ ಫುಪ್ಪು."

"ಮತ್ತ ಈ ಹಡಬಿಟ್ಟಿ ಗಿಳಿ ತಂಬಾಕ ಯಾವಾಗ ಕಲಿತು?"

"ನಿಮ್ಮ ಅಳಿಯಂದು ಕೆಲಸ ರೀ. ಕೊಕ್ಕಿನ ಹಸರು ಒರಸೋ ಹೊತ್ತಿಗಿ ಬಂದು, ಪಟ್ಟಿಗಿ ಇನ್ನೆರಡು ಹೆಸರು ಸೇರಸು ಅಂತ ನಿಂತ."

"ಆ ಎರಡರಾಗ ನನ್ನ ಹೆಸರಿತ್ತೇನು?"

"...ಇಲ್ರಿ. ಪಂಪಿನ ಏಜೆಂಟಂದು, ಅವನ ಭಾವಂದು."

ಫುಪ್ಪು ಮತ್ತ ಆಡಿನ ಕಡಿ ತಿರುಗಬೇಕು ಅನ್ನೂದ್ರಾಗ ತಸ್ಲೀಮ ಆಕಿ ಕಾಲು ಹಿಡದಳು. "ನೀವು ಮನಿಯಾಕೆರಂತ ತಿಳಿದಿದ್ದಿವ್ರಿ. ಕರಿಸ್ಕೊಳ್ಳಾಕೆರಲ್ಲ, ನಮ್ಮ ಜೋಡಿ ನಿಂತು ಕರಿಯಾಕೆರು ಅಂತ."

"ಹಂಗೇನು?" ಅಂದಳು ಫುಪ್ಪು, ಬಾಗಿಲಾಗ ನಿಂತಿದ್ದ ಮಗನ ಕಡಿ ತಿರುಗಿ. "ಖಮರ, ಆ ಚೀಟಿ ಓದೋ. ಕರಿಯೋರ ಹೆಸರು ಓದು."

ಖಮರ ಓದಿದ. ಮುಜೀಬ, ಮುಜೀಬನ ಇಬ್ಬರು ತಮ್ಮಂದಿರು, ಕಡೀಕ ಖಮರ. ತನ್ನ ಹೆಸರು ಓದೂದ್ರಾಗ ಅವನ ಧ್ವನಿ ಸಣ್ಣಾತು.

"ಇನ್ನೊಮ್ಮೆ ಓದು."

ಇನ್ನೊಮ್ಮೆ ಓದಿದ. ಅವ ನಾಕು ಹೆಸರು.

"ಕರಿಯೋರಾಗ ಇಲ್ಲ, ಕರಿಸ್ಕೊಂಡೋರಾಗ ಇಲ್ಲ," ಅಂದಳು ಫುಪ್ಪು. "ಎಪ್ಪತ್ತೆರಡು ವರ್ಷ ಆತು ತಸ್ಲೀಮ. ನನ್ನ ಹೆಸರಿಗಿ ಅಂತ ಒಂದು ಕಾಗದ ಈ ಮನಿಗಿ ಬಂದಿಲ್ಲ. ಅಪ್ಪನ ಹೆಸರಿಗಿ ಬಂತು, ಗಂಡನ ಹೆಸರಿಗಿ ಬಂತು, ಈಗ ಇವನ ಹೆಸರಿಗಿ ಬರತದ. ನೀ ಕೈಲೇ ಮಾಡಾಕತ್ತೀಯಂತ ಕೇಳಿ, ಈ ಸಲ ಬರತದಂತ ಬಾಗಿಲು ನೋಡಕೋತ ಕುಂತಿದ್ದೆ ಬೇ."

ತಸ್ಲೀಮ ಕುಂತಲ್ಲೇ ಸಣ್ಣ ಹುಡುಗಿಹಂಗ ಬಿಕ್ಕಿ ಬಿಕ್ಕಿ ಅತ್ತಳು. ಫುಪ್ಪು ಅಳಾಕ ಬಿಟ್ಟಳು. ಅತ್ತು ಮುಗಿದ ಮ್ಯಾಲ ಆಕಿ ಮಾರಿ ನೋಡಿದಳು, ಖಮರನ ಕೈಯಾಗಿನ ಚೀಟಿ ನೋಡಿದಳು, ಮತ್ತ ಆಕಿ ಮಾರಿ ನೋಡಿದಳು.

"ಸೂಜಿ ತಾ," ಅಂದಳು. "ಕೆಂಪು ದಾರನೂ ತಾ."

ಎರಡು ಕಣ್ಣಿನ ಗಿಳೀನ ತೊಡಿ ಮ್ಯಾಲ ಇಟ್ಕೊಂಡು, ಕಾಚಿನ ಬಣ್ಣದ ಕೊಕ್ಕಿನ ಮ್ಯಾಲ ಹಾಳಿ ಹರೀದಂಗ ಕೆಂಪು ದಾರ ಕೂಡಿಸಿದಳು. ಹತ್ತು ನಿಮಿಷದ ಕೆಲಸ. ಆಮ್ಯಾಲ ಪೆನ್ನು ತರಿಸಿ ಐದೂ ಹಾಳಿ ಹಿಂದ ತಸ್ಲೀಮನ ಕೈಲೇ ಬರಸಿದಳು: ಖಾಸೀಂಬಿ, ಮಣ್ಣೂರ. ಐದು ಸರ್ತಿ. ಹಲಗೀನೂ ಕೊಡು ಅಂತ ಇಸಗೊಂಡಳು.

"ಮತ್ತ ಶುಕ್ರವಾರ ಬರ್ತೀರಲ್ರಿ?" ಅಂತ ತಸ್ಲೀಮ ಅಂಜಕೋತ ಕೇಳಿದಳು.

"ಐದು ಕಾರ್ಡು ಕೊಟ್ಟು ಕರದ ಮ್ಯಾಲ ಬರದ ಇರಾಕ ಬರತದೇನು? ಏಳು, ರೊಟ್ಟಿ ತಿನ್ನು."

ಬುಧವಾರದಿಂದ ಸುರು ಆತು ನೋಡ್ರಿ ಹೊಸಾ ಕಾಟ. ಫುಪ್ಪು ಐದೂ ಹಾಳಿ ಬಗಲಾಗ ಇಟ್ಕೊಂಡು ಮಣ್ಣೂರ ಮನಿ ಮನಿ ತಿರುಗಿದ್ದಳು, ಅಫಜಲಪುರಕ್ಕೂ ಹೋಗಿ ಬಂದಿದ್ದಳು. ಮುಜೀಬನ ಫೋನಿಗಿ ಪುರಸೊತ್ತು ಇಲ್ಲ. "ಖಾಸೀಂಬಿಗಿ ಐದು ಕೊಟ್ಟೀರಂತ, ನಮಗ ಒಂದ?" "ಆಕಿದ್ರಾಗ ದಾರದ ಕೊಕ್ಕು ಅದಂತ, ನಮ್ಮದರಾಗ ಯಾಕ ಇಲ್ಲ?" "ನಮ್ಮ ಗಿಳಿಗಿ ಒಂದ ಕಣ್ಣು ಕೊಟ್ಟು ಕೈ ತೊಳಕೊಂಡ್ರೇನು?" ಮುಜೀಬ ಪಟ್ಟಿ ಹಿಂದ ಎಲ್ಲಾ ದೂರು ಬರಕೊಂಡ. ಗುರುವಾರ ಸಂಜಿಗಿ ಹಾಳಿ ತುಂಬಿತು.

ಶುಕ್ರವಾರ ಮಧ್ಯಾಹ್ನ ಫುಪ್ಪು ಹೊಸಾ ಹಳದಿ ಕುಟ್ಟಿಸ್ಕೊಂಡು ಬಂದಿಳಿದಳು. ಬಗಲಾಗ ಒಂದು ಗಂಟು. ಯಾಸ್ಮೀನನ್ನ ಮಣಿ ಮ್ಯಾಲ ಕೂಡಿಸಿ, ಹಣಿಗಿ, ಗಲ್ಲಕ್ಕ, ಕೈಗಿ ಮೊದಲ ಹಳದಿ ಹಚ್ಚಿದಳು. ತಸ್ಲೀಮನ ಎದಿ ಮ್ಯಾಗಿನ ಕಲ್ಲು ಇಳೀತು. ಅಷ್ಟರಾಗ ಫುಪ್ಪು ಗಂಟು ಬಿಚ್ಚಿದಳು. ಒಳಗ ಹಲಗಿ.

"ತಸ್ಲೀಮ, ಬಾ ಇಲ್ಲಿ. ಕೂಡು."

ತಸ್ಲೀಮ ಬಂದು ಕುಂತಳು. ಫುಪ್ಪು ಬಟ್ಟಲದಾಗಿನ ಹಳದಿ ಅಂಗೈಲೇ ತಗೊಂಡು ಹಲಗಿಗಿ ಬಳದಳು. ತಸ್ಲೀಮನ ದುಪಟ್ಟಾ ಸೆರಗು ಎಳದು ಹಲಗಿ ಮ್ಯಾಲ ಹಾಸಿದಳು. ಹೊಸಾ ದುಪಟ್ಟಾ, ಹಾಲಿನಂಥಾ ಬಿಳಿ. "ಫುಪ್ಪು, ಕಲಿ ಹೋಗಂಗಿಲ್ರಿ!" ಅಂತ ಟೇಲರ್ ಬಾಯಿ ಚೀರಿಬಿಟ್ಟಿತು. ಯಾರು ಕೇಳ್ತಾರ? ಫುಪ್ಪು ಹಿತ್ತಾಳಿ ಬಟ್ಟಲದ ತಳದಿಂದ ಗರಗರ ತಿಕ್ಕಿದಳು. ತಿಕ್ಕಿ, ಸೆರಗು ಎತ್ತಿ ತೋರಿಸಿದಳು.

ಮೈ ಇಲ್ಲದ ಗಿಳಿ. ಕಣ್ಣು, ರೆಕ್ಕಿ ಗೆರಿ, ಉಗುರು, ಟೊಂಗಿ. ಪೂರಾ ಹಳದಿ. ಮೂಲ್ಯಾಗ ನಿಂತಿದ್ದ ಮಹಾನಂದಾ ಟೀಚರ್ ಬಾಯಿ ತಗದು ನೋಡಿದಳು.

"ಎಲ್ಲಾರನ್ನೂ ಕರದಿ," ಅಂದಳು ಫುಪ್ಪು ಮೆಲ್ಲಗ. "ಆ ಚೀಟಿಯಾಗ ನಿನ್ನ ಹೆಸರೂ ಇಲ್ಲ ಬೇ. ಎರಡು ಸರ್ತಿ ಓದಿಸಿದೆ. ಹಡದಾಕಿಗಿ ಯಾರು ಕರದಾರ?"

ತಸ್ಲೀಮ ಸೆರಗು ಹಿಡ್ಕೊಂಡು ಕುಂತಳು. ಅಲ್ಲಿತನ ಅದು ಆಕಿಗಿ ಒಮ್ಮೆನೂ ಹೊಳದಿದ್ದಿಲ್ಲ.

"ತಗೋ. ನಾ ಕರಿಯಾಕತ್ತೇನಿ," ಅಂದಳು ಫುಪ್ಪು, ಹಳದಿ ಕೈ ಆಕಿ ತಲಿ ಮ್ಯಾಲ ಇಟ್ಟು. "ಐತವಾರ ಯಾಸ್ಮೀನನ ಲಗ್ನ ಅದ. ತಪ್ಪದ ಬರಬೇಕು."

"ಬರ್ತೇನ್ರಿ ಫುಪ್ಪು," ಅಂದಳು ತಸ್ಲೀಮ. ಮಾತು ಪೂರಾ ಆಗೂದ್ರಾಗ ಅಳು ಬಂತು, ಅಳು ಪೂರಾ ಆಗೂದ್ರಾಗ ನಗು ಬಂತು.

"ಗಂಡನ್ನೂ ಕರಕೊಂಡು ಬಾ," ಅಂದಳು ಫುಪ್ಪು. "ಆದರ ಪಟ್ಟಿ ಮನ್ಯಾಗ ಇಟ್ಟು ಬಾ ಅಂತ ಹೇಳು."